ಅಗಸ್ತ್ಯನ ಮೂರನೆಯ ಗ್ರಹ

(ಬಾನುಲಿ ಭಾಷಣ)

ಮಾಘ ಮಾಸದ ರಾತ್ರಿಗಳಲ್ಲಿ ಊಟ ಮುಗಿಸಿ ಅಂಗಳಕ್ಕೆ ಬಂದು ತೆಂಕಣಕ್ಕೆ ಮುಖಮಾಡಿ ನಿಂತರೆ, ದಿಗಂತದಿಂದ ಅಷ್ಟೇನೂ ಎತ್ತರವಲ್ಲದ ಎಡೆಯಲ್ಲಿ ಬಿಳಿಯ ನಕ್ಷತ್ರವೊಂದು ಒಂಟಿಯಾಗಿ ಹೊಳೆಯುವುದನ್ನು ಕಾಣಬಹುದು. ಇರುಳಿನ ಆಗಸದಲ್ಲಿ ಲುಬ್ಧಕವೊಂದನ್ನು ಬಿಟ್ಟರೆ ಇದಕ್ಕಿಂತ ಪ್ರಕಾಶಮಾನವಾದ ತಾರೆಯಿಲ್ಲ. ನಮ್ಮಿಂದ ಸುಮಾರು 310 ಜ್ಯೋತಿರ್ವರ್ಷಗಳ ದೂರದಲ್ಲಿರುವ ಇದನ್ನು ಪಾಶ್ಚಾತ್ಯರು ಕ್ಯಾನೊಪಸ್ ಎನ್ನುತ್ತಾರೆ. ನಮ್ಮ ಹಿರಿಯರು ಅಗಸ್ತ್ಯ ಎಂದರು. ಅಗಸ್ತ್ಯನ ಹೆಸರು ಕೇಳಿದೊಡನೆ ನಮಗೆ ನೀರಿನ ಕಥೆಗಳೇ ನೆನಪಾಗುತ್ತವೆ. ಕಡಲಿನಲ್ಲಿ ಅಡಗಿದ್ದ ಕಾಲಕೇಯರನ್ನು ಬಯಲಿಗೆಳೆಯಲು ಆ ಋಷಿ ಸಮುದ್ರವನ್ನೇ ಆಪೋಶನ ತೆಗೆದುಕೊಂಡನೆಂಬುದು ಒಂದು. ಅವನ ಕಮಂಡಲುವಿನಿಂದ ಕಾವೇರಿ ಹೊರಹರಿದಳೆಂಬುದು ಇನ್ನೊಂದು. ಅಗಸ್ತ್ಯೋದಯವಾದರೆ ಮಳೆಗಾಲದಲ್ಲಿ ಕದಡಿದ ನೀರೆಲ್ಲ ತಿಳಿಯಾಗುವುದೆಂದು ಸಂಸ್ಕೃತ ಕವಿಗಳು ನಂಬಿದ್ದರು.

ನಾನು ಇಂದು ಹೇಳಹೊರಟಿರುವುದು ಈ ನಕ್ಷತ್ರವನ್ನು ಸುತ್ತುವ ಮೂರನೆಯ ಗ್ರಹದ ವಿಚಾರ. ಅಂಥದೊಂದು ಗ್ರಹ ವಾಸ್ತವದಲ್ಲಿಲ್ಲ. ಅಮೆರಿಕದ ಲೇಖಕ ಫ್ರಾಂಕ್ ಹರ್ಬರ್ಟ್ 1965ರಲ್ಲಿ ಪ್ರಕಟಿಸಿದ ‘ಡ್ಯೂನ್’ ಎಂಬ ಕಾದಂಬರಿಯಲ್ಲಿದೆ. ಅದರ ಹೆಸರು ಅರಾಕಿಸ್. ಅಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ, ಮಳೆಯೆಂಬ ಮಾತೇ ಇಲ್ಲ. ಕಡಲನ್ನು ಕುಡಿದವನ ಹೆಸರಿನ ತಾರೆಯ ಮಗ್ಗುಲಲ್ಲಿ ನೀರಿಲ್ಲದ ಲೋಕವೊಂದನ್ನು ಇಟ್ಟಾಗ ಹರ್ಬರ್ಟನಿಗೆ ನಮ್ಮ ಪುರಾಣ ತಿಳಿದಿತ್ತೆಂದು ನಾನು ವಾದಿಸಲಾರೆ. ಆದರೆ ಆ ಕಾದಂಬರಿಯನ್ನು ಓದುವ ಭಾರತೀಯನಿಗೆ ಈ ಕಾಕತಾಳೀಯ ಒಂದು ಬಗೆಯ ಸಲುಗೆಯನ್ನು ತಂದುಕೊಡುತ್ತದೆ.

ವೈಜ್ಞಾನಿಕ ಕಾದಂಬರಿಗಳಲ್ಲಿ ಗ್ರಹಗಳಿಗೇನೂ ಬರವಿಲ್ಲ. ಬಹುಪಾಲು ಗ್ರಹಗಳು ನಾಟಕದ ಪರದೆಗಳಂತೆ. ನಾಯಕ ಬಂದಿಳಿಯುತ್ತಾನೆ, ಹಿಂದೆ ಎರಡು ಸೂರ್ಯರನ್ನೋ ನೇರಳೆ ಬಣ್ಣದ ಕಾಡನ್ನೋ ಬರೆದಿರುತ್ತಾರೆ, ಅಂಕ ಮುಗಿದ ಮೇಲೆ ಪರದೆ ಸುತ್ತಿಡುತ್ತಾರೆ. ಅರಾಕಿಸ್ ಹಾಗಲ್ಲ. ಅದನ್ನು ತೆಗೆದುಬಿಟ್ಟರೆ ಕಥೆಯೇ ಉಳಿಯದು. ರಾಜವಂಶಗಳ ಹಗೆತನ, ವಿಷಪ್ರಯೋಗ, ದ್ವಂದ್ವಯುದ್ಧ, ಪ್ರವಾದಿಯಾಗಿ ಬೆಳೆಯುವ ಬಾಲಕ, ಇವೆಲ್ಲ ಹಳೆಯ ಸಾಮಗ್ರಿಗಳೇ. ಹೊಸದಾಗಿದ್ದದ್ದು ಆ ನೆಲ.

ಆ ನೆಲ ಹುಟ್ಟಿದ ಬಗೆಯೂ ಸ್ವಾರಸ್ಯಕರವಾದದ್ದು. ಹರ್ಬರ್ಟ್ (1920–1986) ವಾಷಿಂಗ್ಟನ್ ರಾಜ್ಯದವನು, ವೃತ್ತಿಯಿಂದ ಪತ್ರಿಕೋದ್ಯೋಗಿ. 1957ರಲ್ಲಿ ಅವನು ಆರೆಗನ್ ರಾಜ್ಯದ ಕರಾವಳಿಯಲ್ಲಿರುವ ಫ್ಲಾರೆನ್ಸ್ ಎಂಬ ಪಟ್ಟಣಕ್ಕೆ ಒಂದು ಲೇಖನದ ಸಲುವಾಗಿ ಹೋದ. ಅಲ್ಲಿ ಗಾಳಿಗೆ ಅಲೆಅಲೆಯಾಗಿ ಸರಿಯುವ ಮರಳದಿಬ್ಬಗಳು ರಸ್ತೆಗಳನ್ನೂ ಮನೆಗಳನ್ನೂ ನುಂಗುತ್ತ ಬರುತ್ತಿದ್ದವು. ಸರ್ಕಾರದ ಕೃಷಿ ಇಲಾಖೆಯವರು ಯುರೋಪಿನಿಂದ ಬಂದ ಒಂದು ಜಾತಿಯ ಹುಲ್ಲನ್ನು ದಿಬ್ಬಗಳ ಮೇಲೆ ಸಾಲುಸಾಲಾಗಿ ನೆಟ್ಟು ಮರಳನ್ನು ಕಟ್ಟಿಹಾಕುವ ಪ್ರಯೋಗ ನಡೆಸಿದ್ದರು. ಆಯುಧವಿಲ್ಲ, ಅಣೆಕಟ್ಟಿಲ್ಲ, ಹುಲ್ಲಿನ ಬೇರು ಮರಳಿನ ನಡಿಗೆಯನ್ನು ನಿಲ್ಲಿಸಿತ್ತು. ಹರ್ಬರ್ಟ್ ಬಾಡಿಗೆಯ ಸಣ್ಣ ವಿಮಾನದಲ್ಲಿ ಕುಳಿತು ಮೇಲಿನಿಂದ ಅದನ್ನು ನೋಡಿದ. ಲೇಖನ ಕೊನೆಗೂ ಅಚ್ಚಾಗಲಿಲ್ಲ. ಆದರೆ ಮರಳು ಅವನ ತಲೆಯೊಳಗೆ ಸೇರಿಕೊಂಡಿತ್ತು. ಮರುಭೂಮಿಗಳನ್ನೂ ಮರುಭೂಮಿಯಲ್ಲಿ ಹುಟ್ಟಿದ ಮತಗಳನ್ನೂ ಕುರಿತು ಅವನು ವರ್ಷಗಟ್ಟಲೆ ಓದಿದ. ಕಥೆ ಮೊದಲು ‘ಅನಲಾಗ್’ ಮಾಸಪತ್ರಿಕೆಯಲ್ಲಿ 1963ರ ಕೊನೆಯಿಂದ 1965ರವರೆಗೆ ಎರಡು ಭಾಗಗಳಾಗಿ ಬಂದಿತು. ಪುಸ್ತಕವಾಗಿ ತರಲು ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಒಪ್ಪಲಿಲ್ಲ. ಕಡೆಗೆ ಒಪ್ಪಿದ್ದು ಮೋಟಾರು ರಿಪೇರಿಯ ಕೈಪಿಡಿಗಳಿಗೆ ಹೆಸರಾದ ಚಿಲ್ಟನ್ ಸಂಸ್ಥೆ. ಪುಸ್ತಕವನ್ನು ಲೇಖಕ ಅರ್ಪಿಸಿರುವುದು ಒಣನೆಲಗಳಲ್ಲಿ ದುಡಿಯುವ ಪರಿಸರವಿಜ್ಞಾನಿಗಳಿಗೆ.

ಇನ್ನು ಗ್ರಹಕ್ಕೆ ಬರೋಣ. ಅರಾಕಿಸ್‌ಗೆ ಎರಡು ಚಂದ್ರರು. ಒಂದರ ಮೇಲೆ ಮನುಷ್ಯನ ಹಸ್ತದ ಆಕಾರದ ಕಲೆ. ಇನ್ನೊಂದರ ಮೇಲೆ ಮರುಭೂಮಿಯ ಇಲಿಯ ರೂಪ. ನಾವು ಚಂದ್ರನಲ್ಲಿ ಮೊಲವನ್ನು ಕಂಡಂತೆ ಅವರು ಇಲಿಯನ್ನು ಕಂಡಿದ್ದಾರೆ. ಧ್ರುವಗಳಲ್ಲಿ ಸ್ವಲ್ಪ ಮಂಜುಗಡ್ಡೆಯಿದೆ. ಅದನ್ನು ಕಡಿದು ಮಾರುವ ನೀರಿನ ವ್ಯಾಪಾರಿಗಳಿದ್ದಾರೆ. ಮಿಕ್ಕೆಲ್ಲ ಮರಳು, ಬಂಡೆ. ಆ ಮರಳಿನಲ್ಲಿ ‘ಮೆಲಾಂಜ್’ ಎಂಬ ಮಸಾಲೆಯೊಂದು ದೊರೆಯುತ್ತದೆ. ಅದು ಆಯುಷ್ಯವನ್ನು ಬೆಳೆಸುತ್ತದೆ. ಅದಿಲ್ಲದೆ ನಕ್ಷತ್ರದಿಂದ ನಕ್ಷತ್ರಕ್ಕೆ ಹಡಗು ನಡೆಸುವವರಿಗೆ ದಾರಿ ಕಾಣದು. ಆದ್ದರಿಂದ ಸಾಮ್ರಾಜ್ಯಕ್ಕೆಲ್ಲ ಈ ಬರಡು ಗ್ರಹದ ಮೇಲೆಯೇ ಕಣ್ಣು. ಎಣ್ಣೆಯ ಬಾವಿಗಳ ರಾಜಕಾರಣವನ್ನು ಬಲ್ಲವರಿಗೆ ಈ ರೂಪಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಮಸಾಲೆಯಲ್ಲ, ನೀರಿನ ಲೆಕ್ಕ. ಹೊಸದಾಗಿ ಅಧಿಕಾರ ವಹಿಸಿಕೊಂಡ ಡ್ಯೂಕ್ ಲೀಟೊನ ಅರಮನೆಯ ಮುಂದೆ ಇಪ್ಪತ್ತು ಖರ್ಜೂರದ ಮರಗಳಿವೆ. ದಾರಿಹೋಕರು ಅವನ್ನು ನೋಡುವ ನೋಟದಲ್ಲಿ ಆಸೆಯೂ ಹಗೆಯೂ ಬೆರೆತಿರುತ್ತವೆ. ಅರಮನೆಯ ವೈದ್ಯ ಡ್ಯೂಕನ ಸಂಗಾತಿ ಜೆಸ್ಸಿಕಾಳಿಗೆ ಅದರ ಕಾರಣವನ್ನು ವಿವರಿಸುತ್ತಾನೆ. ಒಂದು ಮರಕ್ಕೆ ದಿನಕ್ಕೆ 40 ಲೀಟರು ನೀರು ಬೇಕು. ಒಬ್ಬ ಮನುಷ್ಯನಿಗೆ 8 ಲೀಟರು. ಎಂದಮೇಲೆ ಒಂದು ಮರವೆಂದರೆ ಐದು ಜನ. ಇಪ್ಪತ್ತು ಮರಗಳೆಂದರೆ ನೂರು ಜನ. ನೂರು ಮಂದಿಯ ಪ್ರಾಣ ಬಾಗಿಲ ಮುಂದೆ ಅಲಂಕಾರವಾಗಿ ನಿಂತಿದೆ. ಇದನ್ನು ಓದಿದ ಮೇಲೆ ಆ ಮರಗಳನ್ನು ಮರಗಳೆಂದು ಕಾಣುವುದು ಸಾಧ್ಯವಾಗುವುದಿಲ್ಲ. ಅದೇ ಅರಮನೆಯ ಔತಣದ ಪದ್ಧತಿ ಇನ್ನೂ ಕ್ರೂರ. ಅತಿಥಿಗಳು ಕೈತೊಳೆದು ನೀರನ್ನು ನೆಲಕ್ಕೆ ಚೆಲ್ಲಬೇಕು. ಒರೆಸಿಕೊಂಡ ಬಟ್ಟೆಯನ್ನು ಹಿಂಡಿದ ನೀರಿಗಾಗಿ ಹೆಬ್ಬಾಗಿಲಲ್ಲಿ ಬಡವರು ಕಾದಿರುತ್ತಾರೆ. ಡ್ಯೂಕ್ ಅದನ್ನು ನಿಲ್ಲಿಸಿ, ಬಂದವರಿಗೆಲ್ಲ ಒಂದೊಂದು ಬಟ್ಟಲು ನೀರು ಕೊಡಿಸುತ್ತಾನೆ. ರಾಜನೀತಿಯ ದೀರ್ಘ ಸಂಭಾಷಣೆಗಳು ಹೇಳದ್ದನ್ನು ಈ ಒಂದು ಬಟ್ಟಲು ಹೇಳುತ್ತದೆ.

ಊರಿನವರ ಕಥೆ ಇದಾದರೆ ಮರಳಿನ ನಡುವೆ ಬದುಕುವ ‘ಫ್ರೆಮೆನ್’ ಜನರದು ಬೇರೆ. ಅವರು ತೊಡುವ ಉಡುಪು ಬಟ್ಟಿ ಇಳಿಸುವ ಯಂತ್ರದಂತೆ ಬೆವರನ್ನೂ ಮೂತ್ರವನ್ನೂ ಉಸಿರಿನ ತೇವವನ್ನೂ ಹಿಡಿದು ಶೋಧಿಸಿ ಮತ್ತೆ ಕುಡಿಯಲು ಕೊಡುತ್ತದೆ. ಅದು ಸರಿಯಾಗಿದ್ದರೆ ದಿನವೊಂದಕ್ಕೆ ಮೈಯಿಂದ ನಷ್ಟವಾಗುವ ನೀರು ದರ್ಜಿಯ ಬೆರಳುಟೋಪಿಯಷ್ಟು. ಇಂಥವರ ನಾಯಕ ಸ್ಟಿಲ್ಗಾರ್ ಡ್ಯೂಕನ ಸಭೆಗೆ ಬಂದು ಎಲ್ಲರೆದುರು ಮೇಜಿನ ಮೇಲೆ ಉಗುಳುತ್ತಾನೆ. ಡ್ಯೂಕನ ಕಡೆಯವರ ರಕ್ತ ಕುದಿಯುತ್ತದೆ. ಫ್ರೆಮೆನ್ನರ ನಡುವೆ ಇದ್ದು ಬಂದಿದ್ದ ಯೋಧನೊಬ್ಬ ತಡೆದು, ಮೈಯ ನೀರನ್ನು ಕಾಣಿಕೆಯಾಗಿ ಕೊಟ್ಟದ್ದಕ್ಕೆ ಸ್ಟಿಲ್ಗಾರನಿಗೆ ಕೃತಜ್ಞತೆ ಹೇಳುತ್ತಾನೆ.

ನಡವಳಿಕೆಯಷ್ಟೇ ಅಲ್ಲ, ನುಡಿಯೂ ನೆಲವನ್ನು ಹಿಡಿದು ಬದಲಾಗುತ್ತದೆ. ದುಂದುಗಾರನನ್ನು ಕುರಿತು ನಾವು “ಹಣವನ್ನು ನೀರಿನಂತೆ ಖರ್ಚುಮಾಡುತ್ತಾನೆ” ಎನ್ನುತ್ತೇವಲ್ಲ, ಈ ಮಾತನ್ನು ಅರಾಕಿಸ್‌ನಲ್ಲಿ ಆಡಿದರೆ ಕೇಳಿದವನು ಯಾವನೋ ಜಿಪುಣಾಗ್ರೇಸರನ ವರ್ಣನೆಯೆಂದು ತಿಳಿದಾನು. ನಾವು ಸತ್ತವರಿಗೆ ಎಳ್ಳುನೀರು ಬಿಡುತ್ತೇವೆ. ಅಲ್ಲಿ ಸತ್ತವನೇ ಬದುಕಿರುವವರಿಗೆ ನೀರು ಬಿಡಬೇಕು; ಮಾಂಸ ಅವನದು, ನೀರು ಕುಲದ್ದು. ಡ್ಯೂಕನ ಮಗ ಪಾಲ್ ತನ್ನನ್ನು ಕೆಣಕಿದ ಜಾಮಿಸ್ ಎಂಬವನನ್ನು ದ್ವಂದ್ವದಲ್ಲಿ ಕೊಲ್ಲುತ್ತಾನೆ. ಶವದಿಂದ ತೆಗೆದ 33 ಲೀಟರಿಗೂ ತುಸು ಹೆಚ್ಚಿನ ನೀರು ಹನಿಹನಿಯೂ ಎಣಿಕೆಯಾಗಿ, ಅದಕ್ಕೆ ಸಾಟಿಯಾದ ಲೋಹದ ಉಂಗುರಗಳ ರೂಪದಲ್ಲಿ ಗೆದ್ದವನ ಕೈಸೇರುತ್ತದೆ. ಮೊದಲ ಸಲ ಒಬ್ಬ ಮನುಷ್ಯನನ್ನು ಕೊಂದ ಆ ಹುಡುಗ ಅಂತ್ಯಕ್ರಿಯೆಯಲ್ಲಿ ಅಳುತ್ತಾನೆ. ಸುತ್ತ ನಿಂತವರು ಬೆರಗಾಗಿ ಅವನ ಕೆನ್ನೆಯನ್ನು ಮುಟ್ಟಿ ನೋಡುತ್ತಾರೆ. ಸತ್ತವನಿಗೆ ನೀರು ಕೊಡುವವನನ್ನು ಅವರು ಕಂಡವರೇ ಅಲ್ಲ. ಕಣ್ಣೀರೆಂಬ ಸವೆದುಹೋದ ಸಾಮಗ್ರಿಗೆ ಇಷ್ಟು ತೂಕ ಬರಬೇಕಾದರೆ ಅದರ ಹಿಂದೆ ಒಂದು ಇಡೀ ಗ್ರಹ ನಿಂತಿರಬೇಕಾಯಿತು.

ಇದೇ ರಾತ್ರಿ ಪಾಲನೂ ಅವನ ತಾಯಿ ಜೆಸ್ಸಿಕಾಳೂ ಬೆಟ್ಟದೊಳಗಿನ ಗುಹೆಯಲ್ಲಿ ಒಂದು ಕೊಳವನ್ನು ಕಾಣುತ್ತಾರೆ. ಕತ್ತಲೆಯಲ್ಲಿ ನಿಶ್ಚಲವಾಗಿ ನಿಂತಿರುವ ಆ ನೀರಿನ ಪ್ರಮಾಣ ನಮ್ಮ ಲೆಕ್ಕದಲ್ಲಿ 38 ಕೋಟಿ ಲೀಟರು. ಇಂಥ ಕೊಳಗಳು ಸಾವಿರಾರು ಇವೆ. ಬಾಯಾರಿ ಸಾಯುವ ಸ್ಥಿತಿಯಲ್ಲೂ ಇದನ್ನು ಯಾರೂ ಮುಟ್ಟುವುದಿಲ್ಲ. ಗಾಳಿಯಿಂದ ತೇವವನ್ನು ಹಿಡಿದು, ಸತ್ತವರಿಂದ ಪಡೆದು, ತಲೆಮಾರುಗಳಿಂದ ಕೂಡಿಡುತ್ತಿರುವ ನೀರು ಅದು. ಏತಕ್ಕಾಗಿ ಎಂಬುದರಲ್ಲಿ ಈ ಗ್ರಹದ ನಿಜವಾದ ಕಥೆಯಿದೆ. ಆ ಕಥೆಯನ್ನು ಹರ್ಬರ್ಟ್ ಮುಖ್ಯ ಕಥಾನಕದಲ್ಲಿ ಅಲ್ಲಲ್ಲಿ ಮಾತ್ರ ಸೂಚಿಸಿ, ಪೂರ್ತಿಯಾಗಿ ಒಂದು ಅನುಬಂಧದಲ್ಲಿ ಹೇಳಿದ್ದಾನೆ. ಕಾದಂಬರಿಯ ಅನುಬಂಧವನ್ನು ಓದುವವರು ಕಡಿಮೆ. 1984ರಲ್ಲಿ ಡೇವಿಡ್ ಲಿಂಚ್, 2021 ಮತ್ತು 2024ರಲ್ಲಿ ಡೆನಿ ವಿಲ್‌ನವ್ ಇದನ್ನು ಚಲನಚಿತ್ರವಾಗಿಸಿದರು. ಮರಳು, ಹುಳು, ಯುದ್ಧಗಳೆಲ್ಲ ತೆರೆಯ ಮೇಲೆ ಭವ್ಯವಾಗಿ ಬರಬಹುದು, ಅನುಬಂಧ ಬರಲಾರದು. ನನ್ನ ಮಟ್ಟಿಗೆ ಪುಸ್ತಕದ ಶ್ರೇಷ್ಠ ಪುಟಗಳು ಅವೇ.

ಪಾರ್ಡಟ್ ಕೈನ್ಸ್ ಎಂಬ ಗ್ರಹವಿಜ್ಞಾನಿ ಸಾಮ್ರಾಜ್ಯದ ನೌಕರನಾಗಿ ಅರಾಕಿಸ್‌ಗೆ ಬರುತ್ತಾನೆ. ಇಲ್ಲಿನ ಗಾಳಿಯಲ್ಲಿ ಶೇಕಡ 23ರಷ್ಟು ಆಮ್ಲಜನಕವಿದೆ. ಗಿಡಮರಗಳೇ ಇಲ್ಲದ ಕಡೆ ಇದು ಎಲ್ಲಿಂದ ಬಂದಿತೆಂದು ಅವನು ಯೋಚಿಸತೊಡಗುತ್ತಾನೆ. ನೀರು ಇಲ್ಲಿ ಇಲ್ಲವೆಂದಲ್ಲ, ಯಾವುದೋ ಒಂದು ಜೀವಿ ಅದನ್ನು ಆಳದಲ್ಲಿ ಬಂಧಿಸಿಟ್ಟಿದೆ ಎಂಬ ನಿಲುವಿಗೆ ಬರುತ್ತಾನೆ. ಹಸಿರನ್ನು ಒಂದು ಮಿತಿಯವರೆಗೆ ಬೆಳೆಸಿಬಿಟ್ಟರೆ ಆಮೇಲೆ ಅದು ತಾನಾಗಿ ಹಬ್ಬುತ್ತದೆ. ಆ ಮಿತಿ ಶೇಕಡ ಮೂರು ಮಾತ್ರ ಎಂದು ಲೆಕ್ಕ ಹಾಕುತ್ತಾನೆ. ಈ ಮಾತನ್ನು ಫ್ರೆಮೆನ್ನರ ನೆಲೆಯಲ್ಲಿ ಕುಳಿತು ಎಡೆಬಿಡದೆ ಹೇಳತೊಡಗುತ್ತಾನೆ. ಹೊರಗಿನವನಿಗೆ ತಮ್ಮ ಗುಟ್ಟುಗಳು ತಿಳಿದುಹೋದವೆಂದು ಅವರು ಅವನನ್ನು ಕೊಲ್ಲಲು ಉಲಿಯೆಟ್ ಎಂಬವನನ್ನು ಕಳುಹಿಸುತ್ತಾರೆ. ಬಯಲ ನೀರು, ಹುಲ್ಲುಗಾವಲು, ಬಿಸಿಲಲ್ಲಿ ಉಡುಪಿಲ್ಲದೆ ನಡೆಯುವ ಮಕ್ಕಳು ಎಂದು ಬಣ್ಣಿಸುತ್ತಿದ್ದ ಕೈನ್ಸ್, ಕತ್ತಿ ಹಿಡಿದು ಬಂದವನನ್ನು ಸರಿದು ನಿಲ್ಲುವಂತೆ ಗದರಿಸಿ, ಕೆಲಸಗಾರನಿಗೆ ಹೇಳುವವನಂತೆ ತನ್ನ ಮಾತು ಮುಂದುವರಿಸುತ್ತಾನೆ. ಉಲಿಯೆಟ್ ಮೂರು ಹೆಜ್ಜೆ ನಡೆದು ತನ್ನ ಕತ್ತಿಯ ಮೇಲೆ ತಾನೇ ಬೀಳುತ್ತಾನೆ. ಅಂದಿನಿಂದ ಕೈನ್ಸ್ ಬೆರಳು ತೋರಿಸಿದರೆ ಸಾಕು, ಜನ ಹೋಗಿ ನೆಡುತ್ತಾರೆ. ಎಷ್ಟು ಕಾಲ ಬೇಕು ಎಂದು ಕೇಳಿದವರಿಗೆ ಅವನು ಕೊಟ್ಟ ಉತ್ತರ ಮುನ್ನೂರರಿಂದ ಐನೂರು ವರ್ಷ. ಯಾರೂ ಗೊಣಗಲಿಲ್ಲ. ತಾವು ಕಾಣದ, ತಮ್ಮ ಮೊಮ್ಮಕ್ಕಳೂ ಕಾಣದ ಹೊಳೆಗಾಗಿ ಅವರು ತಮ್ಮ ಸತ್ತವರ ನೀರನ್ನು ಗುಹೆಗಳಲ್ಲಿ ತುಂಬತೊಡಗಿದರು. ಗಾಳಿಗೆ ಮರೆಯಾದ ದಿಬ್ಬದ ಇಳಿಜಾರಿನಲ್ಲಿ ಮೊದಲು ಬಡಹುಲ್ಲು ನೆಟ್ಟು ಮರಳನ್ನು ನಿಲ್ಲಿಸುವ ಕ್ರಮ ಆರೆಗನ್ನಿನಲ್ಲಿ ಹರ್ಬರ್ಟ್ ಕಂಡದ್ದೇ.

ಆದರೆ ಗಂಟು ಇಲ್ಲಿದೆ. ನೂರಾರು ಗಜ ಉದ್ದದ ಮರಳಹುಳು ಆ ಗ್ರಹದ ದೈವ. ನೀರು ಅದಕ್ಕೆ ವಿಷ. ಅದರ ಮರಿರೂಪವೇ ಆಳದ ನೀರನ್ನು ಹಿಡಿದು ಬಂಧಿಸಿ ಮೇಲ್ಮೈಯನ್ನು ಒಣಗಿಸುವುದು. ಮಸಾಲೆ ಹುಟ್ಟುವುದೂ ಅದರ ವಿಸರ್ಜನೆಯಿಂದಲೇ. ಮರಳು, ಹುಳು, ಮಸಾಲೆ ಮೂರೂ ಒಂದೇ ಚಕ್ರದ ಅರೆಕಾಲುಗಳು. ನೀರು ಹರಿದ ದಿನ ಹುಳು ಸಾಯುತ್ತದೆ, ಹುಳುವಿನೊಡನೆ ಮಸಾಲೆ, ಮಸಾಲೆಯೊಡನೆ ಫ್ರೆಮೆನ್ನರ ಬಲವೂ ದೈವವೂ. ಪಾರ್ಡಟ್‌ನ ಮಗ ಲೀಟ್ ಕೈನ್ಸ್ ತಂದೆಯ ಕೆಲಸವನ್ನು ಮುಂದುವರಿಸಿದವನು. ಶತ್ರುಗಳು ಅವನ ಉಡುಪು ಕಿತ್ತುಕೊಂಡು ಮರಳಿನಲ್ಲಿ ಬಿಟ್ಟುಹೋಗುತ್ತಾರೆ. ಸಾಯುವ ಹೊತ್ತಿಗೆ ಜ್ವರದ ಭ್ರಮೆಯಲ್ಲಿ ಸತ್ತ ತಂದೆ ಎದುರು ನಿಂತು ಪರಿಸರವಿಜ್ಞಾನದ ಪಾಠ ಹೇಳುತ್ತಾನೆ. ಮಗನ ಬಾಯಾರಿಕೆ ತಂದೆಗೆ ಕಾಣುವುದಿಲ್ಲ, ಗ್ರಹ ಮಾತ್ರ ಕಾಣುತ್ತದೆ. ಆ ಪಾಠದ ನಡುವೆಯೇ ಒಂದು ಎಚ್ಚರಿಕೆಯೂ ಬರುತ್ತದೆ: ಒಂದು ಜನಾಂಗ ಮಹಾವೀರನೊಬ್ಬನ ಕೈಗೆ ಸಿಕ್ಕುವುದಕ್ಕಿಂತ ದೊಡ್ಡ ವಿಪತ್ತಿಲ್ಲವೆಂದು. ಕಾದಂಬರಿಯ ನಾಯಕ ಅಂಥ ಮಹಾವೀರನೇ ಆಗುವವನು. ಐನೂರು ವರ್ಷಗಳ ತಾಳ್ಮೆಯನ್ನು ಅವನು ಒಂದೆರಡು ದಶಕಗಳ ಆತುರವಾಗಿ ಮಾರ್ಪಡಿಸುತ್ತಾನೆ.

ಫಲವನ್ನು ಮುಂದಿನ ಪುಸ್ತಕಗಳಲ್ಲಿ ನೋಡಬೇಕು. 1976ರ ‘ಚಿಲ್ಡ್ರನ್ ಆಫ್ ಡ್ಯೂನ್’ನಲ್ಲಿ ಅರಾಕಿಸ್‌ನಲ್ಲಿ ಕಾಲುವೆಗಳು ಹರಿಯುತ್ತಿವೆ. ಇವಕ್ಕೆ ಹರ್ಬರ್ಟ್ ‘ಕನಾತ್’ ಎಂಬ ಹೆಸರನ್ನು ಬಳಸುತ್ತಾನೆ. ನಿಜವಾದ ಕನಾತ್ ಪರ್ಷಿಯದ ನೆಲದಡಿಯ ಸುರಂಗನಾಲೆ. ನಮ್ಮ ಬೀದರಿನ ನೌಬಾದ್‌ನಲ್ಲಿ ಬಹಮನಿಗಳ ಕಾಲದ ಕರೇಜ್ ಇದೆಯಲ್ಲ, ಅದೇ ಬಗೆಯದು. ನೀರು ಆವಿಯಾಗದಿರಲೆಂದೇ ಅದನ್ನು ನೆಲದೊಳಗೆ ಕೊರೆಯುವುದು. ಬೆವರಿನ ಹನಿಯನ್ನೂ ಬಿಡದ ಜನ ಆ ಹೆಸರಿನ ನಾಲೆಯನ್ನು ಬಿಸಿಲಿಗೆ ತೆರೆದಿಟ್ಟರೆಂಬುದು ನನಗೆ ಹಿಡಿಸಲಿಲ್ಲ. ಅದಿರಲಿ. ಹೊಸ ತಲೆಮಾರಿನ ಫ್ರೆಮೆನ್ ಯುವಕರು ಉಡುಪನ್ನು ಸಡಿಲವಾಗಿ ತೊಡುತ್ತಾರೆ, ನೀರಿನ ಶಿಸ್ತನ್ನು ಹಳಬರ ಗೀಳೆಂದು ನಗುತ್ತಾರೆ. ಹುಳುಗಳು ಕಡಿಮೆಯಾಗುತ್ತಿವೆ. ವೃದ್ಧ ಸ್ಟಿಲ್ಗಾರನಿಗೆ ತನ್ನ ಜನ ತನಗೇ ಗುರುತು ಸಿಗದಂತಾಗಿದ್ದಾರೆ. 1981ರ ‘ಗಾಡ್ ಎಂಪರರ್ ಆಫ್ ಡ್ಯೂನ್’ನ ಹೊತ್ತಿಗೆ ಮೂರೂವರೆ ಸಾವಿರ ವರ್ಷ ಕಳೆದಿವೆ. ಕಾಡಿದೆ, ನದಿಯಿದೆ, ಮರುಭೂಮಿ ಒಂದು ಮೂಲೆಯಲ್ಲಿ ಸಂರಕ್ಷಿತ ಪ್ರದೇಶವಾಗಿ ಉಳಿದಿದೆ. ಅಲ್ಲಿ ‘ವಸ್ತುಸಂಗ್ರಹಾಲಯದ ಫ್ರೆಮೆನ್ನರು’ ಎಂಬ ಒಂದು ವರ್ಗವಿದೆ. ಇವರು ಪೂರ್ವಿಕರ ಆಚಾರಗಳನ್ನು ಅರ್ಥ ತಿಳಿಯದೆ ಅಭಿನಯಿಸುತ್ತಾರೆ, ನಕಲಿ ಸಾಮಗ್ರಿಗಳನ್ನು ಮಾರುತ್ತಾರೆ. ಹಾಡನ್ನೂ ಕುಣಿತವನ್ನೂ ಕಾರ್ಯಕ್ರಮವಾಗಿ ಮಾತ್ರ ಉಳಿಸಿಕೊಂಡ ಸಮುದಾಯಗಳನ್ನು ಬಲ್ಲ ನಮಗೆ ಈ ಪುಟಗಳಲ್ಲಿ ವಿಶೇಷವಾದ ಇರಿತವಿದೆ.

ಹಾಗಾದರೆ ಫ್ರೆಮೆನ್ನರು ಹಸಿರನ್ನು ಬಯಸಿದ್ದು ತಪ್ಪೇ? ಕೆಲವು ವಿಮರ್ಶಕರು ಹಾಗೆ ಓದುವುದುಂಟು: ಕೊರತೆ ಕಲಿಸಿದ ಸದ್ಗುಣವನ್ನು ಸಮೃದ್ಧಿ ಕೆಡಿಸಿತು ಎಂದು. ದಿನಬಿಟ್ಟು ದಿನವಾದರೂ ನಲ್ಲಿಯಲ್ಲಿ ನೀರು ಕಾಣುವ ನಾವು ಇನ್ನೊಬ್ಬರ ಬಾಯಾರಿಕೆಯ ಸೌಂದರ್ಯವನ್ನು ಹೊಗಳುವುದು ನನಗೆ ಸಲ್ಲದೆನಿಸುತ್ತದೆ. ಮಗುವಿನ ಬಾಯಿ ಒಣಗಿದ್ದನ್ನು ಕಂಡವರು ಹೊಳೆಯ ಕನಸು ಕಾಣದೆ ಇನ್ನೇನು ಕಾಣಬೇಕು? ಹರ್ಬರ್ಟ್ ಆ ಕನಸನ್ನು ಎಲ್ಲಿಯೂ ಹಾಸ್ಯ ಮಾಡಿಲ್ಲ. ಪಾರ್ಡಟ್‌ನ ಲೆಕ್ಕದಲ್ಲಿ ಹುಲ್ಲಿತ್ತು, ಇಬ್ಬನಿಯಿತ್ತು, ಹುಳುವಿತ್ತು. ಆ ಕನಸು ಕಾಣುತ್ತಿದ್ದ ಜನ ಕನಸು ಕೈಗೂಡಿದ ಮೇಲೆ ಯಾರಾಗುತ್ತಾರೆ ಎಂಬುದು ಇರಲಿಲ್ಲ. ಮೂರನೆಯ ಪುಸ್ತಕದಲ್ಲಿ ಇನ್ನೊಂದು ವಿಷಯ ಹೊರಬೀಳುತ್ತದೆ. ಅರಾಕಿಸ್ ಮೊದಲಿಗೆ ನೀರಿನ ಗ್ರಹವೇ ಆಗಿತ್ತಂತೆ. ಹುಳುವಿನ ಮರಿಗಳನ್ನು ಬೇರೆಲ್ಲಿಂದಲೋ ತಂದುಬಿಟ್ಟ ಮೇಲೆ ಅದು ಒಣಗಿತಂತೆ. ಆದಿಯಿಂದಲೂ ಹಾಗೆಯೇ ಇದ್ದದ್ದೆಂದು ಎಲ್ಲರೂ ನಂಬಿದ್ದ ಮರುಭೂಮಿಯೂ ಒಂದು ವಲಸೆಯ ಫಲ.

ಈ ಕಾದಂಬರಿಗಳಲ್ಲಿ ದೋಷಗಳಿಲ್ಲವೆಂದಲ್ಲ. ಅರಬ್ಬಿಯ ಪದಗಳನ್ನೂ ಮರುಭೂಮಿಯ ಜನರ ನಂಬಿಕೆಗಳನ್ನೂ ಧಾರಾಳವಾಗಿ ಎತ್ತಿಕೊಂಡ ಲೇಖಕ, ಅವರನ್ನು ಉದ್ಧರಿಸಲು ಬೇರೆ ಗ್ರಹದ ರಾಜಕುಮಾರನನ್ನೇ ಕರೆಸಿದ್ದಾನೆ. ಆ ರಾಜಕುಮಾರನೇ ಅವರನ್ನು ಹಾಳುಮಾಡಿದನೆಂದು ಮುಂದೆ ತೋರಿಸುವುದರಿಂದ ಆಕ್ಷೇಪಣೆಯ ಮೊನೆ ಸ್ವಲ್ಪ ಮೊಂಡಾಗುತ್ತದೆ, ಹೋಗುವುದಿಲ್ಲ. ಸಂಭಾಷಣೆಗಳು ಹಲವೆಡೆ ಭಾರ. ನಾಲ್ಕನೆಯ ಪುಸ್ತಕವನ್ನು ಓದಲು ತಾಳ್ಮೆ ಬೇಕು.

ಆರೆಗನ್ನಿನ ಹುಲ್ಲಿನ ಕಥೆ ಹರ್ಬರ್ಟ್ ತೀರಿಕೊಂಡ ಮೇಲೂ ಮುಂದುವರಿಯಿತು. ಆ ಹುಲ್ಲು ಕೆಲಸವನ್ನು ಬೇಕಾದುದಕ್ಕಿಂತ ಚೆನ್ನಾಗಿ ಮಾಡಿತು. ಕಡಲಂಚಿನಲ್ಲಿ ಅದು ಕಟ್ಟಿದ ಮರಳಿನ ಏರಿ ಒಳನಾಡಿನ ದಿಬ್ಬಗಳಿಗೆ ಹೊಸ ಮರಳು ಬರದಂತೆ ತಡೆಯಿತು. ಹುಲ್ಲಿನ ಹಿಂದೆ ಪೊದೆ, ಪೊದೆಯ ಹಿಂದೆ ಮರ ಬಂದು ಬಯಲು ಮರಳು ವರ್ಷದಿಂದ ವರ್ಷಕ್ಕೆ ಕುಗ್ಗಿತು. ಸ್ನೋಯಿ ಪ್ಲೋವರ್ ಎಂಬುದು ನಮ್ಮ ಟಿಟ್ಟಿಭದ ಕುಲದ, ಗುಬ್ಬಚ್ಚಿಗಿಂತ ತುಸು ದೊಡ್ಡದಾದ ಹಕ್ಕಿ. ಶತ್ರು ಬರುವುದು ದೂರದಿಂದಲೇ ಕಾಣುವಂಥ ಬರಿಯ ಮರಳಿನಲ್ಲಿ ಅದು ಮೊಟ್ಟೆಯಿಡುತ್ತದೆ. ಹುಲ್ಲು ಹಬ್ಬಿದಲ್ಲಿ ಅದಕ್ಕೆ ನೆಲೆ ತಪ್ಪಿತು, ಬೇಟೆಯಾಡುವ ಪ್ರಾಣಿಗಳಿಗೆ ಮರೆ ಸಿಕ್ಕಿತು. 1993ರಲ್ಲಿ ಪೆಸಿಫಿಕ್ ಕರಾವಳಿಯ ಈ ಹಕ್ಕಿಗಳನ್ನು ಅಪಾಯಕ್ಕೊಳಗಾದವುಗಳ ಪಟ್ಟಿಗೆ ಸೇರಿಸಬೇಕಾಯಿತು. ಈಗ ಅದೇ ತೀರದಲ್ಲಿ ಹುಲ್ಲನ್ನು ಕೀಳುವ ಕೆಲಸ ನಡೆಯುತ್ತಿದೆ, ಕೆಲವೆಡೆ ಬುಲ್‌ಡೋಜರಿನಿಂದ, ಕೆಲವೆಡೆ ಕೈಯಿಂದ. ಮರಳು ಮುಚ್ಚಿದಷ್ಟೂ ಮೇಲೇಳುವ ಜಾತಿ ಅದು. ಬೇರಿನ ತುಂಡೊಂದು ಒಳಗೆ ಉಳಿದರೂ ಮತ್ತೆ ಚಿಗುರುತ್ತದೆ. ಆದ್ದರಿಂದ ಒಮ್ಮೆ ಕಿತ್ತ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ.